ಮಿನೆಸೋಟದಿಂದ ಕ್ಯಾಲಿಫೋರ್ನಿಯಾಕ್ಕೆ: ಒಂದು ಪರವಾನಗಿಗಾಗಿ ಕಾದ ತಿಂಗಳುಗಳು

2024ರ ಜುಲೈ ಕೊನೆಯ ವಾರ ಸಮಾಲೋಚನೆ ಮುಗಿಸಿ ಏಳುವ ಹೊತ್ತಿಗೆ ಆ ಹಿರಿಯರು, “ಬರೋ ವಾರದಿಂದ ಮಗನ ಮನೇಲಿರ್ತೀನಮ್ಮ, ವಿಡಿಯೋದಲ್ಲೇ ಮಾತಾಡೋಣ” ಎಂದರು. ಅವರಿದ್ದ ಮಗಳ ಮನೆ ಇರುವುದು ಮಿನೆಸೋಟದಲ್ಲಿ, ಆಪ್ತಸಮಾಲೋಚಕಿಯಾದ ನನ್ನ ಕಚೇರಿಗೆ ಇಪ್ಪತ್ತು ನಿಮಿಷದ ದಾರಿ. ಮಗನ ಮನೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಪತಿ ತೀರಿಕೊಂಡ ಮೇಲೆ ಆರು ತಿಂಗಳ ಮಟ್ಟಿಗೆ ಮಕ್ಕಳ ಬಳಿ ಇದ್ದು ಹೋಗಲು ಬಂದಿದ್ದ ಅವರಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಹತ್ತು ವಾರಗಳಲ್ಲಿ ಅವರು ರಾತ್ರಿ ನಿದ್ದೆ ಮಾಡುವಷ್ಟು ಸುಧಾರಿಸಿದ್ದರು. “ಆಗಲಿ ಅಮ್ಮ, ನೋಡಿ ಹೇಳ್ತೀನಿ” ಎಂದು ಕಳುಹಿಸಿಕೊಟ್ಟೆನಾದರೂ, ಅದು ಅಷ್ಟು ಸುಲಭವಲ್ಲವೆಂದು ನನಗೆ ಆಗಲೇ ಗೊತ್ತಿತ್ತು. (ಅವರ ಮತ್ತು ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.)

ಅಮೆರಿಕದಲ್ಲಿ ಆಪ್ತಸಮಾಲೋಚಕರಿಗೆ ಇಡೀ ದೇಶಕ್ಕೆ ಸಲ್ಲುವ ಪರವಾನಗಿ ಎಂಬುದಿಲ್ಲ. ಪ್ರತಿ ರಾಜ್ಯಕ್ಕೂ ತನ್ನದೇ ಮಂಡಳಿ ಇದೆ, ತನ್ನದೇ ಕಾನೂನು ಇದೆ. 1976ರಲ್ಲಿ ವರ್ಜೀನಿಯಾ ಈ ವೃತ್ತಿಗೆ ಮೊದಲು ಪರವಾನಗಿ ಕಾನೂನು ತಂದರೆ, ಕ್ಯಾಲಿಫೋರ್ನಿಯಾ 2009ರಲ್ಲಿ ಎಲ್ಲಕ್ಕಿಂತ ಕೊನೆಗೆ ತಂದಿತು. ನಡುವಿನ ವರ್ಷಗಳಲ್ಲಿ ಒಂದೊಂದು ರಾಜ್ಯವೂ ತನಗೆ ತೋಚಿದಂತೆ ನಿಯಮ ಮಾಡಿಕೊಂಡಿದ್ದರಿಂದ, ಒಂದೇ ಕೆಲಸ ಮಾಡುವವರನ್ನು ಟೆಕ್ಸಾಸ್‌ನಲ್ಲಿ ಎಲ್‌ಪಿಸಿ, ನ್ಯೂಯಾರ್ಕ್‌ನಲ್ಲಿ ಎಲ್‌ಎಂಎಚ್‌ಸಿ, ಇಲಿನಾಯ್‌ನಲ್ಲಿ ಎಲ್‌ಸಿಪಿಸಿ ಎಂದು ಕರೆಯುತ್ತಾರೆ. ನನ್ನದು ಮಿನೆಸೋಟದ ಎಲ್‌ಪಿಸಿಸಿ. ಮೇಲ್ವಿಚಾರಕರಿಲ್ಲದೆ ಸ್ವತಂತ್ರವಾಗಿ ಕೆಲಸ ಮಾಡಬಹುದಾದ ಮಟ್ಟದ ಪರವಾನಗಿ ಅದು. ಅದಕ್ಕಾಗಿ ಸ್ನಾತಕೋತ್ತರ ಪದವಿಯ ನಂತರ 4,000 ಗಂಟೆಗಳ ಮೇಲ್ವಿಚಾರಣೆಯ ಕೆಲಸ ಮಾಡಿದ್ದೆ. ಕ್ಯಾಲಿಫೋರ್ನಿಯಾದಲ್ಲಿಯೂ ಈ ಪರವಾನಗಿಯನ್ನು ಎಲ್‌ಪಿಸಿಸಿ ಎಂದೇ ಕರೆಯುತ್ತಾರೆ. ಅಕ್ಷರಗಳು ಒಂದೇ ಆದ ಮಾತ್ರಕ್ಕೆ ಒಂದು ಕಡೆಯದು ಇನ್ನೊಂದು ಕಡೆ ನಡೆಯುವುದಿಲ್ಲ.

ಹೊಸದಾಗಿ ಈ ವೃತ್ತಿಗೆ ಬರುವವರು ಎಲ್ಲಕ್ಕಿಂತ ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ ಒಂದಿದೆ. ಸಮಾಲೋಚನೆ ನಡೆಯುವ ಗಳಿಗೆಯಲ್ಲಿ ಸಲಹಾರ್ಥಿ ಯಾವ ರಾಜ್ಯದ ನೆಲದ ಮೇಲೆ ಕುಳಿತಿದ್ದಾರೋ ಆ ರಾಜ್ಯದ ಅನುಮತಿ ನಮಗಿರಬೇಕು. ನಾವು ಎಲ್ಲಿದ್ದೇವೆ, ಅವರ ಕಾಯಂ ವಿಳಾಸ ಯಾವುದು, ಎಷ್ಟು ದಿನಗಳಿಂದ ಪರಿಚಯ ಎಂಬುದೆಲ್ಲ ಆಮೇಲಿನ ಮಾತು. ನಮ್ಮ ಕನ್ನಡದ ಕುಟುಂಬಗಳಲ್ಲಿ ಈ ತೊಡಕು ಮತ್ತೆ ಮತ್ತೆ ಬರುತ್ತದೆ, ಏಕೆಂದರೆ ಊರಿನಿಂದ ಬಂದ ತಂದೆ ತಾಯಿ ಮೂರು ತಿಂಗಳು ಮಗಳ ಮನೆಯಲ್ಲಿ, ಮೂರು ತಿಂಗಳು ಮಗನ ಮನೆಯಲ್ಲಿ ಇರುತ್ತಾರೆ. ಕಾಲೇಜಿಗೆ ಸೇರಿದ ಮಕ್ಕಳು ಹದಿನೆಂಟಕ್ಕೆ ಇನ್ನೊಂದು ರಾಜ್ಯಕ್ಕೆ ಹೊರಟುಬಿಡುತ್ತಾರೆ.

ಆ ಆಗಸ್ಟ್‌ನಲ್ಲಿ ನನಗೆ ಆಸರೆಯಾದದ್ದು 2024ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದಿದ್ದ ಒಂದು ಸಣ್ಣ ಅವಕಾಶ. ಬೇರೆ ರಾಜ್ಯದ ಪರವಾನಗಿ ಇರುವವರು, ತಮ್ಮ ಬಳಿ ಈಗಾಗಲೇ ಸಮಾಲೋಚನೆ ಪಡೆಯುತ್ತಿರುವ ವ್ಯಕ್ತಿ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದರೆ, ಒಂದು ವರ್ಷದಲ್ಲಿ ಸತತ 30 ದಿನಗಳವರೆಗೆ ಅದನ್ನು ಮುಂದುವರಿಸಬಹುದು. ಆರಂಭಿಸುವ ಮುನ್ನವೇ ಅಲ್ಲಿನ ಮಂಡಳಿಗೆ ಮಾಹಿತಿ ಕೊಡಬೇಕು. ನಮಗೆ ಆ ರಾಜ್ಯದ ಪರವಾನಗಿ ಇಲ್ಲವೆಂಬುದನ್ನೂ ದಿನಗಳ ಮಿತಿಯನ್ನೂ ಸಲಹಾರ್ಥಿಗೆ ಹೇಳಬೇಕು. ಆ 30 ದಿನಗಳು ಒಂದರ ಹಿಂದೆ ಒಂದು ಬರುವಂಥವು, ಬೇಕಾದಾಗ ಬಿಡಿಸಿ ಬಳಸಿಕೊಳ್ಳುವಂಥವಲ್ಲ. ಹಾಗಾಗಿ ಅವರು ಅಲ್ಲಿಗೆ ತಲುಪಿದ ಮೊದಲ ವಾರವನ್ನು ಖಾಲಿ ಬಿಟ್ಟು, ಹೊಸ ಮನೆಯಲ್ಲಿ ಕಷ್ಟ ತಲೆದೋರುವ ಎರಡನೆಯ ವಾರದಿಂದ ಲೆಕ್ಕ ಶುರುಮಾಡಿಕೊಂಡೆ. ನಾಲ್ಕು ಭೇಟಿಗಳಾದವು. ನಾಲ್ಕನೆಯದರ ಕೊನೆಗೆ, ಇನ್ನು ಮುಂದೆ ಮಾತನಾಡಲಾಗದು ಎಂದು ವಿವರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಅದೇ ದೇಶ ಅಲ್ವೇನಮ್ಮ?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಮಗ ತನ್ನ ಊರಿನಲ್ಲಿ ಕನ್ನಡ ಬಲ್ಲ ಸಮಾಲೋಚಕರನ್ನು ಹುಡುಕಿದರು. ಆ ಎರಡು ತಿಂಗಳಲ್ಲಿ ಬಿಡುವಿರುವವರು ಯಾರೂ ಸಿಗಲಿಲ್ಲ. ಕೊನೆಗೆ ಇಂಗ್ಲಿಷಿನಲ್ಲಿ ಮಾತನಾಡುವ ಒಬ್ಬರ ಬಳಿ ಕರೆದೊಯ್ದರು, ಸೊಸೆ ಪಕ್ಕದಲ್ಲಿ ಕುಳಿತು ಅನುವಾದ ಮಾಡಿದರು. ಅತ್ತೆ ಸೊಸೆಯ ಎದುರಿನಲ್ಲಿ ಏನನ್ನು ಹೇಳಿಕೊಂಡಾರು? ಎರಡನೆಯ ಬಾರಿ ಹೋಗಲು ಅವರು ಒಪ್ಪಲಿಲ್ಲ. ನವೆಂಬರ್‌ನಲ್ಲಿ ಊರಿಗೆ ಹಿಂತಿರುಗಿದ ಮೇಲೆ ಅವರ ಮಗಳಿಗೆ ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಕೊಟ್ಟೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಹಿರಿಯರು ಊರಿಗೆ ಮರಳಿದ ಮೇಲೂ ಇಲ್ಲಿಂದಲೇ ಸಮಾಲೋಚನೆ ಮುಂದುವರಿಸಿ ಎಂದು ಎಷ್ಟೋ ಕುಟುಂಬಗಳು ಕೇಳುತ್ತವೆ. ನಮ್ಮ ಅಮೆರಿಕದ ಪರವಾನಗಿ ಭಾರತದಲ್ಲಿ ಕುಳಿತವರಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಅಂಥವರಿಗೆ ಹೇಳಲು ಈ ಸಂಖ್ಯೆ ಕೈಯಲ್ಲಿರಲಿ.

ಮುಂದಿನ ವರ್ಷ ಅವರು ಮತ್ತೆ ಬರುವವರಿದ್ದರು. ಅಷ್ಟರೊಳಗೆ ಕ್ಯಾಲಿಫೋರ್ನಿಯಾದ ಪರವಾನಗಿ ಪಡೆದೇ ತೀರಬೇಕೆಂದು ಆ ನವೆಂಬರ್‌ನಲ್ಲಿ ನಿಶ್ಚಯಿಸಿ ಕೆಲಸಕ್ಕೆ ಕುಳಿತೆ.

ಬೇರೆ ರಾಜ್ಯದಲ್ಲಿ ಸ್ವತಂತ್ರ ವೃತ್ತಿ ಮಟ್ಟದ ಪರವಾನಗಿಯನ್ನು ಕನಿಷ್ಠ ಎರಡು ವರ್ಷ ಹೊಂದಿದ್ದವರಿಗೆ ಕ್ಯಾಲಿಫೋರ್ನಿಯಾ ಒಂದು ಹತ್ತಿರದ ದಾರಿ ಇಟ್ಟಿದೆ. ಹಳೆಯ ಮೇಲ್ವಿಚಾರಕರನ್ನು ಹುಡುಕಿ ಗಂಟೆಗಳ ಲೆಕ್ಕಕ್ಕೆ ಮತ್ತೆ ಸಹಿ ಹಾಕಿಸಬೇಕಾಗಿಲ್ಲ ಎಂಬುದೇ ಅದರ ದೊಡ್ಡ ಉಪಕಾರ. ನನ್ನ ಮೇಲ್ವಿಚಾರಕಿ ನಿವೃತ್ತರಾಗಿ ಬೇರೆಡೆಗೆ ಹೋಗಿಬಿಟ್ಟಿದ್ದರು. ಆದರೂ ಕೆಲವು ತರಬೇತಿಗಳನ್ನು ಮುಗಿಸಲೇಬೇಕು. ಆ ರಾಜ್ಯದ ಕಾನೂನು ಮತ್ತು ವೃತ್ತಿನೀತಿಯ 12 ಗಂಟೆ, ಅಲ್ಲಿನ ಜನಸಂಸ್ಕೃತಿಗಳ ಬಗ್ಗೆ 15 ಗಂಟೆ, ಮಕ್ಕಳ ಮೇಲಿನ ದೌರ್ಜನ್ಯವನ್ನು ಗುರುತಿಸುವ 7 ಗಂಟೆ, ಆತ್ಮಹತ್ಯೆಯ ಅಪಾಯವನ್ನು ಅಳೆಯುವ 6 ಗಂಟೆ, ದೂರಸಮಾಲೋಚನೆಯ 3 ಗಂಟೆ. ಮಕ್ಕಳು ಮಲಗಿದ ಮೇಲೆ, ಶನಿವಾರ ಭಾನುವಾರಗಳಲ್ಲಿ ಇವುಗಳನ್ನು ಮುಗಿಸಲು ನನಗೆ ಏಳು ವಾರ ಹಿಡಿಯಿತು. ತರಬೇತಿ ಕೊಡುವ ಒಂದು ಸಂಸ್ಥೆಯಿಂದ ಹಣ ತೆತ್ತು ಪಡೆದ ಪ್ರಮಾಣಪತ್ರದಲ್ಲಿ ಗಂಟೆಗಳ ಸಂಖ್ಯೆಯೇ ನಮೂದಾಗಿರಲಿಲ್ಲ. ಅದನ್ನು ತಿದ್ದಿಸಿಕೊಳ್ಳಲು ಹದಿನೈದು ದಿನ ಪತ್ರ ಬರೆದೆ. ಪ್ರಮಾಣಪತ್ರ ಕೈಸೇರಿದ ದಿನವೇ ಅದರಲ್ಲಿ ಹೆಸರು, ದಿನಾಂಕ, ಗಂಟೆ, ವಿಷಯ ಸರಿಯಾಗಿವೆಯೇ ನೋಡಿಕೊಳ್ಳಿ.

ನಾನು ಹೆಚ್ಚು ದಿನ ಕಳೆದುಕೊಂಡದ್ದು ಹೆಸರಿನ ವಿಷಯದಲ್ಲಿ. ನಮ್ಮ ಕಡೆಯ ಹೆಸರುಗಳಿಗೆ ಮನೆತನದ ಹೆಸರೆಂಬುದು ಅನೇಕ ಬಾರಿ ಇರುವುದೇ ಇಲ್ಲ. ಕರ್ನಾಟಕದಲ್ಲಿ ಓದಿದಾಗ ನನ್ನ ಹೆಸರಿನ ಹಿಂದೆ ಊರಿನದೊಂದು, ತಂದೆಯದೊಂದು ಇನಿಶಿಯಲ್ ಇದ್ದವು. ಪಾಸ್‌ಪೋರ್ಟ್ ಮಾಡಿಸುವಾಗ ಆ ಅಕ್ಷರಗಳನ್ನು ಬಿಡಿಸಿ ಬರೆಯಬೇಕೆಂದರು, ತಂದೆಯ ಹೆಸರು ಕುಲನಾಮದ ಜಾಗಕ್ಕೆ ಹೋಯಿತು. ಇಲ್ಲಿ ಸ್ನಾತಕೋತ್ತರ ಪದವಿ ಮಾಡಿದ್ದು ಆ ಹೆಸರಿನಲ್ಲಿ. ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಗೆ ನೋಂದಾಯಿಸುವಾಗ ನಡುವಿನ ಹೆಸರನ್ನು ಬಿಟ್ಟಿದ್ದೆ. ಮಿನೆಸೋಟದ ಪರವಾನಗಿ ಬಂದ ಕೆಲವು ತಿಂಗಳಿಗೆ ಪತಿಯ ಹೆಸರನ್ನು ಸೇರಿಸಿಕೊಂಡೆ. ಹೀಗೆ ಪದವಿ, ಪರೀಕ್ಷೆ, ಪರವಾನಗಿ ಈ ಮೂರೂ ಮೂರು ಹೆಸರಿನವರಿಗೆ ಸೇರಿದಂತೆ ಕಾಣುತ್ತಿದ್ದವು, ಮತ್ತು ಅರ್ಜಿಯನ್ನು ನೋಡುವ ಅಧಿಕಾರಿಗೆ ಈ ಮೂವರೂ ಒಬ್ಬಳೇ ಎಂದು ತಿಳಿಯಲು ಯಾವ ಆಧಾರವೂ ಇರಲಿಲ್ಲ. ತಪ್ಪು ನನ್ನದೇ, ಅರ್ಜಿಯ ಜೊತೆಗೆ ಇದನ್ನು ವಿವರಿಸಬೇಕಿತ್ತು. ಅರ್ಜಿಯಲ್ಲಿ ಕೊರತೆಯಿದೆ ಎಂದು ಮಂಡಳಿಯಿಂದ ಪತ್ರ ಬಂದ ಮೇಲೆ ವಿವಾಹ ಪ್ರಮಾಣಪತ್ರದ ಪ್ರತಿ, ಹಳೆಯ ಪಾಸ್‌ಪೋರ್ಟಿನ ಪುಟ, ನೋಟರಿಯ ಮುಂದೆ ಮಾಡಿದ ಪ್ರಮಾಣ ಎಲ್ಲವನ್ನೂ ಜೋಡಿಸಿ ಕಳುಹಿಸಿದೆ. ಇದರಲ್ಲಿ ಐದು ವಾರ ಹೋಯಿತು. ನೀವು ಕರ್ನಾಟಕದಲ್ಲಿ ಹುಟ್ಟಿ ಇಲ್ಲಿ ಈ ವೃತ್ತಿಗೆ ಬಂದವರಾದರೆ, ಯಾವ ರಾಜ್ಯಕ್ಕೂ ಅರ್ಜಿ ಹಾಕುವ ಮೊದಲು ನಿಮ್ಮ ಹೆಸರಿನ ಎಲ್ಲ ರೂಪಗಳನ್ನೂ ಒಂದೇ ಹಾಳೆಯಲ್ಲಿ ಬರೆದು, ಯಾವ ದಾಖಲೆಯಲ್ಲಿ ಯಾವ ರೂಪವಿದೆ ಎಂದು ತಿಳಿಸಿ, ನೋಟರಿಯಿಂದ ದೃಢೀಕರಿಸಿ ಇಟ್ಟುಕೊಳ್ಳಿ. ಇದೊಂದು ಕೆಲಸ ಮೊದಲೇ ಮಾಡಿದ್ದರೆ ನಾನು ಬೇಸಿಗೆಯ ಆರಂಭಕ್ಕೇ ಪರೀಕ್ಷೆ ಬರೆದಿರುತ್ತಿದ್ದೆ.

ಇನ್ನೊಂದು ತೊಡಕು ಹಳೆಯ ರಾಜ್ಯದ್ದು. ಮಿನೆಸೋಟಕ್ಕೆ ಬರುವ ಮೊದಲು ಬೇರೊಂದು ರಾಜ್ಯದಲ್ಲಿ ನನಗೆ ತರಬೇತಿ ಮಟ್ಟದ ಪರವಾನಗಿ ಇತ್ತು; ಅವಧಿ ಮುಗಿದು ಎಷ್ಟೋ ವರ್ಷಗಳಾಗಿದ್ದವು, ನಾನೇ ಅದನ್ನು ಮರೆತಿದ್ದೆ. ಆದರೆ ಹಿಂದೆ ಹೊಂದಿದ್ದ ಪರವಾನಗಿಯ ಮೇಲೂ ಶಿಸ್ತುಕ್ರಮವಿರಲಿಲ್ಲ ಎಂಬುದನ್ನು ಆಯಾ ರಾಜ್ಯವೇ ನೇರವಾಗಿ ತಿಳಿಸಬೇಕಾಯಿತು. ಆ ಕಚೇರಿಗೆ ಶುಲ್ಕ ಕಟ್ಟಿ ಕೋರಿದ ಪತ್ರ ಎಲ್ಲಿಯೋ ಕಳೆದುಹೋಗಿ, ಎರಡನೆಯ ಬಾರಿ ಶುಲ್ಕ ಕಟ್ಟಿ, ಮೂರು ಬಾರಿ ಫೋನಿನಲ್ಲಿ ಕಾದು, ಕೊನೆಗೆ ಅಲ್ಲಿನ ಒಬ್ಬ ಗುಮಾಸ್ತೆಯ ಸಹಾನುಭೂತಿಯಿಂದ ಕೆಲಸವಾಯಿತು. ಹೆಸರು ತಿಳಿಯದ ಆ ಹೆಣ್ಣುಮಗಳಿಗೆ ನಾನು ಕೃತಜ್ಞಳು.

ಅಪರಾಧದ ಹಿನ್ನೆಲೆ ಇದೆಯೇ ಎಂದು ಪರಿಶೀಲಿಸಲು ಕೊಡಬೇಕಾದ ಬೆರಳಚ್ಚಿನ ಕಥೆಯೂ ಸಣ್ಣದಲ್ಲ. ಕ್ಯಾಲಿಫೋರ್ನಿಯಾದೊಳಗೆ ಇರುವವರಿಗೆ ಲೈವ್ ಸ್ಕ್ಯಾನ್ ಎಂಬ ವಿದ್ಯುನ್ಮಾನ ವ್ಯವಸ್ಥೆ ಇದೆ. ಹೊರಗಿನವರು ಕಾರ್ಡಿನ ಮೇಲೆ ಶಾಯಿಯಲ್ಲಿ ಬೆರಳಚ್ಚು ಒತ್ತಿ ಅಂಚೆಯಲ್ಲಿ ಕಳುಹಿಸಬೇಕು, ಅದು ಹೆಚ್ಚು ಸಮಯ ಹಿಡಿಯುತ್ತದೆ. ಫೆಬ್ರುವರಿಯ ಚಳಿಗೆ ಒಡೆದಿದ್ದ ನನ್ನ ಬೆರಳ ತುದಿಗಳ ಗೆರೆಗಳು ಸರಿಯಾಗಿ ಮೂಡದೆ ಕಾರ್ಡು ತಿರಸ್ಕೃತವಾಯಿತು. ಎರಡನೆಯ ಬಾರಿಗೆ ಹದಿನೈದು ದಿನ ಮೊದಲಿನಿಂದಲೇ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಆ ದಿನ ಮಾತ್ರ ಏನನ್ನೂ ಹಚ್ಚದೆ ಹೋದೆ, ಅದು ಸ್ವೀಕೃತವಾಯಿತು. ಎರಡು ಬಾರಿಯೂ ತಿರಸ್ಕೃತವಾದರೆ ಹೆಸರಿನ ಮೂಲಕ ಪರಿಶೀಲಿಸುವಂತೆ ಎಫ್‌ಬಿಐಗೆ ಕೋರುವ ಅವಕಾಶವಿದೆ. ಪಾತ್ರೆ ತೊಳೆದು, ಮನೆಕೆಲಸ ಮಾಡಿ ಬೆರಳು ಸವೆದವರು ಧೈರ್ಯಗೆಡಬೇಕಾಗಿಲ್ಲ.

ಜೂನ್‌ನಲ್ಲಿ ಕಾನೂನು ಮತ್ತು ವೃತ್ತಿನೀತಿಯ ಪರೀಕ್ಷೆಗೆ ಅರ್ಹಳೆಂಬ ಪತ್ರ ಬಂದಿತು. ಪರೀಕ್ಷಾ ಕೇಂದ್ರ ನಮ್ಮ ಊರಿನಲ್ಲಿಯೇ ಇತ್ತು, ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾಗಲಿಲ್ಲ. 75 ಪ್ರಶ್ನೆ, 90 ನಿಮಿಷ. ವರ್ಷಗಟ್ಟಲೆ ಕೆಲಸ ಮಾಡಿದವಳಿಗೆ ಇದು ಸುಲಭವೆಂದುಕೊಂಡು ಓದಲು ಕುಳಿತರೆ, ಮಿನೆಸೋಟದ ಅಭ್ಯಾಸವೇ ಅಲ್ಲಲ್ಲಿ ಅಡ್ಡ ಬಂದಿತು. ಮಗುವಿನ ಮೇಲೆ ದೌರ್ಜನ್ಯವಾಗಿರುವ ಶಂಕೆ ಬಂದರೆ ತಕ್ಷಣ ಫೋನ್ ಮಾಡಿ 36 ಗಂಟೆಗಳೊಳಗೆ ಲಿಖಿತ ವರದಿ ಕೊಡಬೇಕು, ಹನ್ನೆರಡು ತುಂಬಿದ ಮಕ್ಕಳು ಕೆಲವು ಸಂದರ್ಭಗಳಲ್ಲಿ ತಾವೇ ಸಮಾಲೋಚನೆಗೆ ಒಪ್ಪಿಗೆ ಕೊಡಬಹುದು ಎಂಬಂಥವು ಆ ರಾಜ್ಯದ ನಿಯಮಗಳು. ಟಾರಸಾಫ್ ಪ್ರಕರಣವನ್ನು ಮತ್ತೆ ಓದಿದಾಗ ನನಗೆ ಬಹಳ ಹೊತ್ತು ಪುಸ್ತಕ ಮುಂದುವರಿಸಲಾಗಲಿಲ್ಲ. 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಟಟಿಯಾನಾ ಟಾರಸಾಫ್ ಎಂಬ ವಿದ್ಯಾರ್ಥಿನಿಯ ಕೊಲೆಯಾಯಿತು; ಕೊಂದವನು ಭಾರತದಿಂದ ಓದಲು ಬಂದಿದ್ದ ವಿದ್ಯಾರ್ಥಿ, ತನ್ನ ಉದ್ದೇಶವನ್ನು ಚಿಕಿತ್ಸಕರ ಮುಂದೆ ಮೊದಲೇ ಹೇಳಿದ್ದ. ಅಪಾಯದಲ್ಲಿರುವ ವ್ಯಕ್ತಿಯನ್ನು ರಕ್ಷಿಸುವ ಹೊಣೆ ಚಿಕಿತ್ಸಕರಿಗಿದೆ ಎಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1976ರಲ್ಲಿ ತೀರ್ಪು ಕೊಟ್ಟಿತು. ದೂರದೇಶದಲ್ಲಿ ಒಂಟಿಯಾಗಿ ಓದುವ ನಮ್ಮ ಹುಡುಗರನ್ನು ವಾರಕ್ಕೆ ನಾಲ್ಕೈದು ಮಂದಿಯನ್ನು ಕಾಣುವ ನನಗೆ, ರಾಜ್ಯ ರಾಜ್ಯಕ್ಕೂ ಕಾನೂನನ್ನು ಹೊಸದಾಗಿ ಕಲಿಯಬೇಕೆಂಬ ಒತ್ತಾಯದಲ್ಲಿ ಅರ್ಥವಿದೆ ಎಂದು ಅನ್ನಿಸಿದ್ದು ಆಗ. ಕಾಗದಪತ್ರಗಳ ವಿಳಂಬದ ಬಗ್ಗೆ ನನಗೆ ದೂರು ಇದೆ. ಈ ಪರೀಕ್ಷೆಯ ಬಗ್ಗೆ ಇಲ್ಲ.

ಜುಲೈನಲ್ಲಿ ಉತ್ತೀರ್ಣಳಾಗಿ, ಆಗಸ್ಟ್ ಕೊನೆಗೆ ಪರವಾನಗಿ ಸಂಖ್ಯೆ ಪಡೆದೆ. ಅರ್ಜಿಗೆ 250, ಪರೀಕ್ಷೆಗೆ 150, ಮೊದಲ ಪರವಾನಗಿಗೆ 200 ಡಾಲರ್ ಕಟ್ಟಿದ್ದೆ. ತರಬೇತಿಗಳು, ಎರಡು ಸಲದ ಬೆರಳಚ್ಚು, ಅಂಕಪಟ್ಟಿ, ನೋಟರಿ, ಹಳೆಯ ರಾಜ್ಯದ ದೃಢೀಕರಣ ಸೇರಿ ಒಟ್ಟು ಖರ್ಚು 1,300 ಡಾಲರ್ ಸಮೀಪಕ್ಕೆ ಹೋಯಿತು. ಇದರ ಮೇಲೆ, ವೃತ್ತಿ ವಿಮೆಯ ಕಂಪನಿಗೆ ಹೊಸ ರಾಜ್ಯದ ಹೆಸರನ್ನು ಬರೆದು ತಿಳಿಸಿ, ಅವರಿಂದ ಲಿಖಿತ ಉತ್ತರ ಪಡೆದುಕೊಳ್ಳುವವರೆಗೆ ಮೊದಲ ಭೇಟಿಯನ್ನು ನಿಗದಿ ಮಾಡಬಾರದು. ಇದನ್ನು ಅನೇಕರು ಮರೆಯುತ್ತಾರೆ.

ಇದೇ ಹೊತ್ತಿಗೆ ಇನ್ನೊಂದು ದಾರಿ ತೆರೆಯಿತು. ನನ್ನ ಬಳಿ ಬರುತ್ತಿದ್ದ ಒಬ್ಬ ಯುವಕ ಓದಲು ಅರಿಜೋನದ ಟೆಂಪಿಗೆ ಹೋಗಿದ್ದ, ಹಾಗಾಗಿ ಆಗಸ್ಟ್‌ನಿಂದ ಅವನ ಸಮಾಲೋಚನೆ ನಿಂತಿತ್ತು. ಒಂದು ರಾಜ್ಯದ ಸಮಾಲೋಚಕರು ಇನ್ನೊಂದರಲ್ಲಿ ಕೆಲಸ ಮಾಡಲು ಅವಕಾಶ ಕೊಡುವ ಕೌನ್ಸೆಲಿಂಗ್ ಕಾಂಪ್ಯಾಕ್ಟ್ ಎಂಬ ಅಂತರರಾಜ್ಯ ಒಪ್ಪಂದದ ಬಗ್ಗೆ ನಾವೆಲ್ಲ ವರ್ಷಗಳಿಂದ ಕೇಳುತ್ತಿದ್ದೆವು. 2021ರಲ್ಲಿ ಜಾರ್ಜಿಯ ಮತ್ತು ಮೇರಿಲ್ಯಾಂಡ್ ಮೊದಲು ಅದನ್ನು ಕಾನೂನಾಗಿಸಿದವು. ಹತ್ತು ರಾಜ್ಯಗಳು ಸೇರಿದರೆ ಒಪ್ಪಂದಕ್ಕೆ ಜೀವ ಬರುತ್ತದೆ ಎಂದಿದ್ದರು, 2022ರಲ್ಲಿ ಹತ್ತು ಸೇರಿದವು. ಆದರೂ ರಾಜ್ಯಗಳ ಪರವಾನಗಿ ದಾಖಲೆಗಳನ್ನು ಒಂದೆಡೆ ಕೂಡಿಸುವ ಗಣಕ ವ್ಯವಸ್ಥೆ ಸಿದ್ಧವಾಗುವವರೆಗೆ ಯಾರಿಗೂ ಉಪಯೋಗವಾಗಲಿಲ್ಲ. ಕೊನೆಗೆ 2025ರ ಸೆಪ್ಟೆಂಬರ್ 30ರಂದು ಕಾಂಪ್ಯಾಕ್ಟ್‌ಕನೆಕ್ಟ್ ಎಂಬ ಆ ಗಣಕ ವ್ಯವಸ್ಥೆಯ ಮೂಲಕ ಅರ್ಜಿಗಳು ಆರಂಭವಾದಾಗ, ಮೊದಲು ಬಾಗಿಲು ತೆರೆದ ಎರಡೇ ರಾಜ್ಯಗಳು ಅರಿಜೋನ ಮತ್ತು ಮಿನೆಸೋಟ. ನನಗೂ ಆ ಯುವಕನಿಗೂ ಅದು ಕೂಡಿಬಂದ ಭಾಗ್ಯ.

ಇದರಲ್ಲಿ ಸಿಗುವುದು ಎರಡನೆಯ ಪರವಾನಗಿಯಲ್ಲ, ತವರು ರಾಜ್ಯದ ಪರವಾನಗಿಯನ್ನು ಆಧರಿಸಿ ಇನ್ನೊಂದು ರಾಜ್ಯದಲ್ಲಿ ಕೆಲಸ ಮಾಡುವ ಅನುಮತಿ. ತವರು ರಾಜ್ಯವೆಂದರೆ ನಾವು ನಿಜವಾಗಿ ವಾಸಿಸುವ ರಾಜ್ಯ. ಅದರ ಪರವಾನಗಿ ಸ್ವತಂತ್ರ ಮಟ್ಟದ್ದಾಗಿರಬೇಕು, ತರಬೇತಿ ಮಟ್ಟದವರಿಗೆ ಇದು ಸಿಗದು. ಕಳೆದ ಎರಡು ವರ್ಷಗಳಲ್ಲಿ ಯಾವ ನಿರ್ಬಂಧವೂ ಬಿದ್ದಿರಬಾರದು, ಎಫ್‌ಬಿಐ ಪರಿಶೀಲನೆ ಆಗಿರಬೇಕು. ನನ್ನ ಮಿನೆಸೋಟದ ಪರವಾನಗಿ ಆ ಪರಿಶೀಲನೆ ಇಲ್ಲದ ಹಳೆಯ ಕಾಲದ್ದಾದ್ದರಿಂದ ಮೂರನೆಯ ಬಾರಿಗೆ ಬೆರಳಚ್ಚು ಕೊಟ್ಟೆ. ಅದೊಂದು ಮುಗಿದ ಮೇಲೆ, ಅರಿಜೋನದ ನಿಯಮಗಳನ್ನು ಓದಿ, ಕಾರ್ಡಿನಿಂದ ಶುಲ್ಕ ಕಟ್ಟಿ ಅನುಮತಿ ಪಡೆಯಲು ಒಂದು ಮಧ್ಯಾಹ್ನ ಸಾಕಾಯಿತು. ಹತ್ತು ತಿಂಗಳ ಹಿಂದಿನ ಕಾಗದದ ಕಟ್ಟು ಇನ್ನೂ ಮೇಜಿನ ಮೇಲಿತ್ತು. ಪರದೆಯ ಮೇಲೆ ಅನುಮತಿ ಸಂಖ್ಯೆ ಕಂಡಾಗ ನನಗೆ ಸಂತೋಷಕ್ಕಿಂತ ಮೊದಲು ಅಳು ಬಂದಿತು.

ಈ ಅನುಮತಿಯ ಅವಧಿ ತವರು ಪರವಾನಗಿಯ ಜೊತೆಗೇ ಮುಗಿಯುತ್ತದೆ, ಆದ್ದರಿಂದ ನವೀಕರಣದ ದಿನಾಂಕವನ್ನು ಮರೆತರೆ ಎರಡೂ ಕಡೆಯ ಕೆಲಸ ಒಂದೇ ದಿನ ನಿಲ್ಲುತ್ತದೆ. ಮನಶ್ಶಾಸ್ತ್ರಜ್ಞರಿಗೆ ಇರುವ ಸೈಪ್ಯಾಕ್ಟ್ ಎಂಬ ಒಪ್ಪಂದ ಬೇರೆ, ಅದು ನಮಗೆ ಅನ್ವಯಿಸದು. ನನ್ನ ಗೆಳತಿಯೊಬ್ಬಳು ಅದನ್ನೇ ನಂಬಿ ವಾರಗಟ್ಟಲೆ ಕಾಲ ಕಳೆದಳು. ಕಾನೂನು ಒಪ್ಪಿ ಸಹಿ ಹಾಕಿದ ರಾಜ್ಯಗಳೆಲ್ಲ ಅನುಮತಿ ಕೊಡಲು ಆರಂಭಿಸಿವೆ ಎಂದು ತಿಳಿಯಬೇಡಿ, ಎರಡರ ನಡುವೆ ಬಹಳ ಅಂತರವಿದೆ. ಕ್ಯಾಲಿಫೋರ್ನಿಯಾ ಒಪ್ಪಂದದಲ್ಲಿ ಇಲ್ಲದ್ದರಿಂದಲೇ ನಾನು ಹಳೆಯ ದಾರಿ ಹಿಡಿಯಬೇಕಾಯಿತು. ಇನ್ನು ಅರಿಜೋನದ ಬಹುಭಾಗದಲ್ಲಿ ಗಡಿಯಾರವನ್ನು ಋತುವಿಗೆ ತಕ್ಕಂತೆ ಹಿಂದೆ ಮುಂದೆ ಮಾಡುವುದಿಲ್ಲ. ಅಕ್ಟೋಬರ್‌ನಲ್ಲಿ ನಮಗೂ ಅವರಿಗೂ ಎರಡು ಗಂಟೆ ಅಂತರವಿದ್ದದ್ದು ನವೆಂಬರ್‌ನಲ್ಲಿ ಒಂದಕ್ಕೆ ಇಳಿದು, ಆ ಯುವಕ ಒಂದು ವಾರ ನನಗಾಗಿ ಒಂದು ಗಂಟೆ ಕಾದ.

ಹಿರಿಯರು ಸೆಪ್ಟೆಂಬರ್‌ನಲ್ಲಿ ಮತ್ತೆ ಬಂದರು. ಮಿನೆಸೋಟದ ಹಿಮ ಬೀಳುವ ಮೊದಲೇ, ನವೆಂಬರ್ ಎರಡನೆಯ ವಾರ, ಮಗನ ಮನೆಗೆ ಹೋದರು. ಕ್ಯಾಲಿಫೋರ್ನಿಯಾದ ನಿಯಮದಂತೆ ದೂರಸಮಾಲೋಚನೆಯ ಪ್ರತಿ ಭೇಟಿಯ ಆರಂಭದಲ್ಲಿ ಸಲಹಾರ್ಥಿಯ ಪೂರ್ಣ ಹೆಸರನ್ನೂ ಆಗ ಇರುವ ಜಾಗದ ವಿಳಾಸವನ್ನೂ ಕೇಳಿ ಬರೆದುಕೊಳ್ಳಬೇಕು. ತುರ್ತು ಸಂದರ್ಭ ಬಂದರೆ ಸಹಾಯ ಕಳುಹಿಸುವುದು ಆ ವಿಳಾಸಕ್ಕೇ. “ಅಮ್ಮ, ಈಗ ಎಲ್ಲಿದ್ದೀರಿ, ಮನೆ ವಿಳಾಸ ಹೇಳ್ತೀರಾ?” ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು, ಸೀರೆಯ ಸೆರಗಿನಲ್ಲಿ ಗಂಟು ಹಾಕಿಟ್ಟಿದ್ದ ಚೀಟಿಯನ್ನು ಬಿಡಿಸಿ, ಮೊಮ್ಮಗಳಿಂದ ಕೇಳಿ ತಾವೇ ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡಿದ್ದ ಬೀದಿಯ ಹೆಸರು, ಮನೆಯ ಸಂಖ್ಯೆ, ಊರು, ರಾಜ್ಯ ಎಲ್ಲವನ್ನೂ ಒಂದೊಂದಾಗಿ ಓದಿ ಹೇಳಿದರು. ನಾನು ಬರೆದುಕೊಂಡೆ. ಆಮೇಲೆ ಅವರು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದು ಕುಳಿತರು.